ಹುಡುಗರ ಕೈಗೆ ಮೈಕ್ ಕೊಟ್ಟಿದ್ದೀರಿ, ಇನ್ನು ಮನೆಗಳನ್ನೂ ಕೊಡಿ

ಪೂಜ್ಯ ಬಿಷಪ್ ಅವರಿಗೆ, ಜಿಲ್ಲಾ ಮೇಲ್ವಿಚಾರಕರಿಗೆ, ಬೀದರ್ ಜಿಲ್ಲೆಯ ಎಲ್ಲ ಸಭಾಪಾಲಕರಿಗೆ ಮತ್ತು ಸಭೆಯ ಹಿರಿಯರಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನು ಹುಮನಾಬಾದ್ ತಾಲೂಕಿನ ಒಂದು ಸಣ್ಣ ಹಳ್ಳಿಯವಳು. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಸಂಡೇ ಸ್ಕೂಲ್ ಮಾತ್ರ ಇನ್ನೂ ಬಿಟ್ಟಿಲ್ಲ. ನಮ್ಮದು ಮೆಥೊಡಿಸ್ಟ್ ಸಭೆ. ಈ ಮಾತನ್ನು ನಮ್ಮ ಪಾಸ್ಟರ್ ಮುಂದೆ ಕೂತು ಹೇಳಬಹುದಿತ್ತು, ಹೇಳಿಯೂ ಇದ್ದೇನೆ. ಆದರೆ ಇದು ನಮ್ಮೂರೊಂದರ ಮಾತಲ್ಲ. ಔರಾದ್ ಕಡೆ ಹೋಗಲಿ, ಭಾಲ್ಕಿ ಕಡೆ ಹೋಗಲಿ, ಮದುವೆಗೋ ಮಣ್ಣಿಗೋ ಹೋದಲ್ಲೆಲ್ಲ ನಮ್ಮ ಜನ ಇದನ್ನೇ ಹೇಳಿಕೊಂಡು ನೊಂದುಕೊಳ್ಳುತ್ತಾರೆ. ಅದಕ್ಕೇ ಎಲ್ಲರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮ ಸಭೆಗಳಲ್ಲಿ ಹುದ್ದೆ ಒಬ್ಬರಿಂದ ಒಬ್ಬರಿಗೆ ಸಲೀಸಾಗಿ ಹೋಗುತ್ತಿದೆ. ಸೇವೆ ಮಾತ್ರ ಹೋಗುತ್ತಿಲ್ಲ. ಜನರನ್ನು ನೋಡಿಕೊಳ್ಳುವ ಕೆಲಸವನ್ನು ಹಿರಿಯರು ಕಿರಿಯರಿಗೆ ಜೊತೆಗಿದ್ದು ಕಲಿಸುವುದು ನಿಂತೇ ಹೋಗಿದೆ.

ಪಾಸ್ಟರ್ ವರ್ಗ ಆದಾಗ ಏನಾಗುತ್ತದೆ ನೋಡಿ. ಪಾಸ್ಟರುಗಳೆಲ್ಲ ಸೇರುವ ಕಾನ್ಫರೆನ್ಸಿನಲ್ಲಿ ಬಿಷಪ್ ನೇಮಕದ ಪಟ್ಟಿ ಓದುತ್ತಾರೆ. ಹಳೆಯ ಪಾಸ್ಟರ್ ಸಾಮಾನು ಕಟ್ಟುತ್ತಾರೆ, ಹೊಸಬರು ಬರುತ್ತಾರೆ. ದೇವಾಲಯದ ಕೀಲಿ ಕೈ ಬದಲಾಗುತ್ತದೆ. ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಲೆಕ್ಕ ಹಾಕಿ ಸಹಿ ಮಾಡಿ ಕೊಡುತ್ತಾರೆ. ಆದರೆ ಯಾವ ಮನೆಯಲ್ಲಿ ಅತ್ತೆ-ಸೊಸೆ ಮಾತು ಬಿಟ್ಟಿದ್ದಾರೆ, ಯಾರು ಕುಡಿಯುವುದು ಬಿಟ್ಟು ಈಗಷ್ಟೇ ಎದ್ದು ನಿಂತಿದ್ದಾರೆ, ಯಾರ ಮಗ ಹೈದರಾಬಾದಿಗೆ ಕೆಲಸಕ್ಕೆ ಹೋದವನು ಫೋನ್ ಎತ್ತುತ್ತಿಲ್ಲ, ಯಾವ ಹೆಣ್ಣುಮಗಳು ಕೂಸು ಕಳಕೊಂಡು ಆರಾಧನೆಗೆ ಬರುವುದನ್ನೇ ಬಿಟ್ಟಿದ್ದಾಳೆ? ಇದನ್ನು ಯಾರೂ ಯಾರಿಗೂ ಒಪ್ಪಿಸುವುದಿಲ್ಲ. ಹೊಸ ಪಾಸ್ಟರ್ ಸೊನ್ನೆಯಿಂದ ಶುರು ಮಾಡಬೇಕು. ಅವರಿಗೆ ನಾಲ್ಕಾರು ಹಳ್ಳಿ. ಜನರ ಹೆಸರು ಗೊತ್ತಾಗುವಷ್ಟರಲ್ಲಿ ಮತ್ತೆ ವರ್ಗ.

ಇದರಲ್ಲಿ ಪಾಸ್ಟರುಗಳ ತಪ್ಪು ಕಡಿಮೆ. ಮೊದಲಿನಿಂದಲೂ ನಮ್ಮ ಪಂಗಡದಲ್ಲಿ ಬೋಧಕರು ಊರೂರು ತಿರುಗುವವರೇ. ಈ ಪಂಗಡವನ್ನು ಶುರು ಮಾಡಿದ ಜಾನ್ ವೆಸ್ಲಿಯ ಕಾಲದಲ್ಲೂ ಹಾಗೇ ಇತ್ತು. ಆದರೆ ಆಗ ಊರಲ್ಲೇ ಉಳಿಯುವ ಒಬ್ಬರು ಇರುತ್ತಿದ್ದರು. ಅವರು ಹೇಗೆ ಬಂದರು ಅನ್ನುವ ಕಥೆ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ, ಅದಕ್ಕೆ ಇಲ್ಲಿ ಹೇಳುತ್ತೇನೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಸಭೆಯ ಮೇಲೆ ಕಟ್ಟಡದ ಸಾಲ ಇತ್ತು. ಪ್ರತಿಯೊಬ್ಬ ಸದಸ್ಯ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಸಲಹೆ ಕೊಟ್ಟರು. ಬಡವರು ಎಲ್ಲಿಂದ ಕೊಡಬೇಕು ಅನ್ನುವ ಪ್ರಶ್ನೆ ಬಂತು. ಹನ್ನೊಂದು ಜನರನ್ನು ನನಗೆ ವಹಿಸಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಡಲಾಗದವರ ಪಾಲು ನಾನೇ ಹಾಕುತ್ತೇನೆ ಅಂದರು ಅವರು. ಹೀಗೆ ದುಡ್ಡು ಎತ್ತಲು ಮನೆಗೆ ಹೋದವರಿಗೆ ಮನೆಯೊಳಗಿನ ಸ್ಥಿತಿ ಕಣ್ಣಿಗೆ ಬಿತ್ತು. ಅವರು ಬಂದು ವೆಸ್ಲಿಗೆ ಹೇಳಿದರು. ನನಗೆ ಬೇಕಾಗಿದ್ದದ್ದು ಇದೇ ಅಂತ ವೆಸ್ಲಿಗೆ ಹೊಳೆಯಿತು. ಅಲ್ಲಿಂದ ಕ್ಲಾಸ್ ಲೀಡರ್ ಅನ್ನುವ ಸೇವೆ ಹುಟ್ಟಿತು. ಹನ್ನೆರಡರಷ್ಟು ಜನರ ಗುಂಪು, ಅವರ ಆತ್ಮದ ಕ್ಷೇಮ ವಾರವಾರ ವಿಚಾರಿಸುವ ಒಬ್ಬ ಸಾಮಾನ್ಯ ಮನುಷ್ಯ. ದೇವಶಾಸ್ತ್ರದ ಡಿಗ್ರಿ ಇಲ್ಲ, ನಿಲುವಂಗಿ ಇಲ್ಲ. ಬೋಧಕರು ಬಂದು ಹೋಗುತ್ತಿದ್ದರು, ಕ್ಲಾಸ್ ಲೀಡರ್ ಇರುತ್ತಿದ್ದ. ಮುಂದಿನ ಬೋಧಕರೂ ಎಷ್ಟೋ ಸಲ ಇಂಥವರ ನಡುವಿನಿಂದಲೇ ಎದ್ದರು.

ನಾವು ತಿರುಗುವ ಪಾಸ್ಟರನ್ನು ಉಳಿಸಿಕೊಂಡೆವು, ಊರಲ್ಲಿ ನಿಲ್ಲುವವರನ್ನು ಕಳಕೊಂಡೆವು. ಈಗ ಕಾಣಿಕೆ ಎತ್ತುತ್ತೇವೆ, ಆದರೆ ಮನೆಗೆ ಹೋಗಿ ಅಲ್ಲ.

ನಾನು ಕಲಿತದ್ದು ಒಬ್ಬ ಬೈಬಲ್ ವುಮನ್ ಕೈಯಲ್ಲಿ, ಅಂದರೆ ಮನೆಮನೆಗೆ ಹೋಗಿ ಬೈಬಲ್ ಹೇಳಿ ಪ್ರಾರ್ಥನೆ ಮಾಡುವ ಸಭೆಯ ಸೇವಕಿ. ನಾವೆಲ್ಲ ಅವರನ್ನು ಆಯಿ ಅಂತ ಕರೆಯುತ್ತಿದ್ದೆವು. ಓದಿದ್ದು ಸ್ವಲ್ಪ. ಬೈಬಲ್ ಮಾತ್ರ ಬಾಯಿಪಾಠ. ಹುಡುಗಿಯಾಗಿದ್ದಾಗ ಅವರ ಚೀಲ ಹಿಡಿದು ನಾನು ಹಿಂದೆ ಹೋಗುತ್ತಿದ್ದೆ. ಒಮ್ಮೆ ಒಂದು ಸಾವಿನ ಮನೆಗೆ ಹೋದೆವು. ಹರೆಯದ ಗಂಡ ಹೊಲದಲ್ಲಿ ಹಾವು ಕಡಿದು ತೀರಿಕೊಂಡಿದ್ದ. ನಾನು ಚೀಲದಿಂದ ಬೈಬಲ್ ತೆಗೆದು ಕೊಡಲು ಹೋದೆ. ಆಯಿ ಕೈ ಸನ್ನೆ ಮಾಡಿ ಬೇಡ ಅಂದರು. ಸುಮ್ನೆ ಆ ಹೆಣ್ಣುಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಎಷ್ಟೋ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದ ಮೊದಲ ಮಾತು, "ಕೂಸುಗಳು ಉಂಡಾವೇನವ್ವಾ?" ಉಂಡಿರಲಿಲ್ಲ. ಪಕ್ಕದ ಮನೆಯಿಂದ ರೊಟ್ಟಿ ತರಿಸಿ ಮಕ್ಕಳಿಗೆ ಮುರಿದು ಕೊಟ್ಟರು. ಎಲ್ಲ ಆದ ಮೇಲೆ 23ನೇ ಕೀರ್ತನೆ, ಪುಸ್ತಕ ತೆರೆಯದೆ, ಮೆಲ್ಲಗೆ. ಪ್ರಾರ್ಥನೆ ನಾಲ್ಕೇ ಮಾತು. ಹೊರಗೆ ಬಂದ ಮೇಲೆ ನನಗೆ ಹೇಳಿದರು, "ಮೊದ್ಲು ಕೂಡಬೇಕವ್ವಾ. ಮಾತು ಆಮ್ಯಾಲ." ಮುಂದಿನ ಸಲ ಅಂಥದೇ ಒಂದು ಮನೆಗೆ ಹೋದಾಗ ಪ್ರಾರ್ಥನೆ ನೀನೇ ಮಾಡು ಅಂದರು. ನನ್ನ ಧ್ವನಿ ನಡುಗಿತು. ಅವರು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಆಯಿ ಹತ್ತಿರ ಒಂದು ನೋಟ್‌ಬುಕ್ ಇತ್ತು. ಒಂದೊಂದು ಮನೆಗೆ ಒಂದೊಂದು ಹಾಳೆ. ಯಾರು ಹುಟ್ಟಿದರು, ಯಾರಿಗೆ ಜಡ್ಡು, ಯಾವ ಮನೆಗೆ ಯಾವ ವಚನ ಓದಿದ್ದು, ಏನು ಪ್ರಾರ್ಥನೆ ಕೇಳಿದರು, ಅದು ಏನಾಯಿತು. ಮುಪ್ಪಾದ ಮೇಲೆ ಅವರು ಅದನ್ನು ನನಗೆ ಕೊಟ್ಟರು. ಕೊಡುವ ಮುಂಚೆ ನನ್ನನ್ನು ಮನೆಮನೆಗೆ ಕರಕೊಂಡು ಹೋಗಿ, "ಇನ್ನು ಮುಂದ ಈಕಿ ಬರ್ತಾಳ, ನನಗ ಹೇಳ್ದಂಗ ಈಕಿಗೆ ಹೇಳ್ರಿ" ಅಂದರು. ನನ್ನ ಪಾಲಿಗೆ ಅದೇ ಅಭಿಷೇಕ. ಈಗ ಹಳ್ಳಿಗಳಲ್ಲಿ ಬೈಬಲ್ ವುಮನ್ ಅಂತ ಯಾರಿದ್ದಾರೆ? ಇದ್ದವರು ತೀರಿಕೊಂಡರು, ಅವರ ಜಾಗಕ್ಕೆ ಯಾರನ್ನೂ ತಯಾರು ಮಾಡಲಿಲ್ಲ.

ಹೋದ ಮಳೆಗಾಲದಲ್ಲಿ ಹತ್ತಿರದ ಒಂದು ಹಳ್ಳಿಯಲ್ಲಿ ರಾತ್ರಿ ಒಂದು ಸಾವಾಯಿತು. ಜೋರು ಮಳೆ. ಪಾಸ್ಟರ್ ಬೆಳಗಾದ ಮೇಲೆ ಬರುವ ಹಾಗಿತ್ತು. ಮನೆ ತುಂಬ ನಮ್ಮ ಯುವಕರು. ಒಳ್ಳೆಯ ಹುಡುಗರು. ಕೀಬೋರ್ಡ್ ನುಡಿಸುತ್ತಾರೆ, ಪ್ಯಾಡ್ ಬಾರಿಸುತ್ತಾರೆ, ಆರಾಧನೆ ನಡೆಸುತ್ತಾರೆ, ಆರಾಧನೆಯನ್ನು ಮೊಬೈಲಿನಲ್ಲಿ ಲೈವ್ ಬಿಡುತ್ತಾರೆ. ಆ ತಾಯಿಯ ಪಕ್ಕ ಕೂತು ಒಂದು ಪ್ರಾರ್ಥನೆ ಮಾಡಲು ಒಬ್ಬನಿಗೂ ಧೈರ್ಯ ಬರಲಿಲ್ಲ. ಬಾಗಿಲ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೊನೆಗೆ ಒಬ್ಬ ಪಾಸ್ಟರಿಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ, ಮೊಬೈಲನ್ನು ಹೆಣದ ಹತ್ತಿರ ಇಟ್ಟ. ಪಾಸ್ಟರ್ ಫೋನಿನಲ್ಲೇ ಪ್ರಾರ್ಥನೆ ಮಾಡಿದರು. ಅವರೂ ಪಾಪ ಇನ್ನೇನು ಮಾಡಬೇಕು. ಆ ಹುಡುಗರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರನ್ನು ಯಾರೂ ಯಾವತ್ತೂ ಇಂಥ ಮನೆಗೆ ಕರಕೊಂಡು ಹೋಗಿರಲಿಲ್ಲ. ನಾವು ಅವರಿಗೆ ಕೊಟ್ಟದ್ದು ಸ್ಟೇಜ್ ಮಾತ್ರ.

ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಆರಿಸಿಕೊಂಡದ್ದನ್ನು ಮಾರ್ಕನು 3ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಸಾರುವುದಕ್ಕೆ ಕಳಿಸಬೇಕು ಅನ್ನುವುದು ಎರಡನೆಯದು. ಮೊದಲನೆಯದು, ಅವರು ತನ್ನ ಜೊತೆ ಇರಬೇಕು ಅನ್ನುವುದು. ನಾವು ಮೊದಲನೆಯದನ್ನು ಹಾರಿಸಿ ಎರಡನೆಯದಕ್ಕೆ ಹೋಗಿಬಿಟ್ಟಿದ್ದೇವೆ.

ಜೊತೆ ಇರುವುದು ಅಂದರೆ ಚೀಲ ಹೊರುವುದು ಅಂತ ಕೆಲವರು ತಿಳಿದಿದ್ದಾರೆ, ಅದನ್ನೂ ಹೇಳಲೇಬೇಕು. ಎಲೀಷನು ತನ್ನ ಗುರುವಾದ ಪ್ರವಾದಿ ಎಲೀಯನ ಕೈಗೆ ನೀರು ಹಾಕುತ್ತಿದ್ದ ಅಂತ 2 ಅರಸು 3ರಲ್ಲಿದೆ. ಈ ವಚನ ಹೇಳಿ ಹುಡುಗರ ಕೈಯಲ್ಲಿ ಕಾರು ತೊಳೆಸುವುದು, ವರ್ಷಗಟ್ಟಲೆ ಡ್ರೈವರ್ ಮಾಡಿಟ್ಟುಕೊಳ್ಳುವುದು ನಡೆದಿದೆ. ಅದೇ ಪುಸ್ತಕದ 2ನೇ ಅಧ್ಯಾಯ ಓದಿ. ನಿನಗೆ ಏನು ಬೇಕು ಕೇಳು ಅಂತ ಎಲೀಯನೇ ಕೇಳುತ್ತಾನೆ. ನಿನ್ನ ಆತ್ಮದಲ್ಲಿ ಎರಡು ಪಾಲು ಬೇಕು ಅಂತ ಎಲೀಷ ಕೇಳುತ್ತಾನೆ. ಇಷ್ಟು ದೊಡ್ಡ ಆಸೆಯಾ ಅಂತ ಗುರು ಗದರಲಿಲ್ಲ. ಕಷ್ಟದ ಮಾತು ಕೇಳಿದಿ ಅಂದ, ಅಷ್ಟೇ. ಶಿಷ್ಯ ತನಗಿಂತ ಮುಂದೆ ಹೋದಾನು ಅನ್ನುವ ಭಯ ಅವನಿಗೆ ಇರಲಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಸ್ವಲ್ಪ ಚೆನ್ನಾಗಿ ವಾಕ್ಯ ಹೇಳಿದರೆ ಸಾಕು, ಮುಂದಿನ ತಿಂಗಳು ವಾಕ್ಯ ಹೇಳುವವರ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ. ಇದು ಸುಳ್ಳಾ?

ಹಿರಿಯರೇ, ನಿಮ್ಮ ಬಗ್ಗೆ ನನಗೆ ಗೌರವ ಇದೆ. ಈ ದೇವಾಲಯಗಳಿಗೆ ಕಲ್ಲು ಹೊತ್ತವರು ನೀವು. ನಿಜಾಮರ ಕಾಲದಲ್ಲಿ ಊರ ಹೊರಗೆ ಇದ್ದ ನಮ್ಮ ಜನ ಶಾಲೆ ಮೆಟ್ಟಿಲು ಹತ್ತುವಂತೆ ಮಾಡಿದ ಹಿರಿಯರ ಮಕ್ಕಳು ನೀವು. ಆದರೆ ಅರಣ್ಯಕಾಂಡದ 8ನೇ ಅಧ್ಯಾಯವನ್ನು ದಯವಿಟ್ಟು ಒಮ್ಮೆ ಓದಿ. ದೇವರ ಗುಡಾರದ ಸೇವೆ ಮಾಡುವ ಕುಲದವರಾದ ಲೇವಿಯರಿಗೆ 50 ವರ್ಷ ಆದ ಮೇಲೆ ದುಡಿಮೆಯ ಸೇವೆ ಇಲ್ಲ. ಹಾಗಂತ ಮನೆಗೆ ಕಳಿಸಲಿಲ್ಲ, ಗುಡಾರದಲ್ಲಿ ತಮ್ಮ ಸಹೋದರರಿಗೆ ನೆರವಾಗಬೇಕು ಅಂತಿದೆ. ಇನ್ನೊಂದು ಸಂಗತಿ ಅದರಲ್ಲೇ ಇದೆ. 4ನೇ ಅಧ್ಯಾಯ ಸೇವೆಗೆ ಬರುವ ವಯಸ್ಸು 30 ಅನ್ನುತ್ತದೆ, 8ನೇ ಅಧ್ಯಾಯ 25 ಅನ್ನುತ್ತದೆ. ಹಳೆಯ ಯೆಹೂದಿ ಗುರುಗಳು ಇದಕ್ಕೆ ಅರ್ಥ ಹೇಳಿದ್ದು ಹೀಗೆ: 25ಕ್ಕೆ ಬಂದು 5 ವರ್ಷ ಕಲಿಯಬೇಕು, 30ಕ್ಕೆ ಕೆಲಸಕ್ಕೆ ಇಳಿಯಬೇಕು. ಕಲಿಯಲು ಬರುವ 25ರ ಹುಡುಗನೂ, ಕಲಿಸಲು ನಿಂತ 50 ದಾಟಿದವನೂ ಒಂದೇ ಗುಡಾರದಲ್ಲಿ! ನಮ್ಮ ಕಮಿಟಿಗಳಲ್ಲಿ 25ರವರು ಎಷ್ಟು ಜನ ಇದ್ದಾರೆ? ನಮ್ಮ ಸುತ್ತಲಿನ ಮಠಗಳಲ್ಲೂ ಹಿರಿಯ ಸ್ವಾಮಿಗಳು ಗಟ್ಟಿಯಾಗಿ ಇರುವಾಗಲೇ ಮರಿಸ್ವಾಮಿಯನ್ನು ಗೊತ್ತುಮಾಡಿ ಪಕ್ಕದಲ್ಲಿ ಕೂಡಿಸಿಕೊಂಡು ತಿದ್ದುವುದನ್ನು ಕಾಣುತ್ತೇವೆ. ನಮಗೆ ಯಾಕೆ ಇಷ್ಟು ಕಷ್ಟ?

ಮೋಶೆ ಯೆಹೋಶುವನ ಮೇಲೆ ಕೈ ಇಟ್ಟದ್ದು ಸಾಯುವ ದಿನ ಅಲ್ಲ. ಯೌವನದಿಂದ ಜೊತೆಗಿದ್ದವನನ್ನು, ಇಡೀ ಸಭೆಯ ಕಣ್ಣೆದುರು ನಿಲ್ಲಿಸಿ, ತನ್ನ ಮರ್ಯಾದೆಯಲ್ಲಿ ಒಂದು ಪಾಲನ್ನು ಬದುಕಿದ್ದಾಗಲೇ ಕೊಟ್ಟ. ಜನ ಅದನ್ನು ನೋಡಿದ್ದರು, ಹಾಗಾಗಿ ಯೆಹೋಶುವನ ಮಾತು ಕೇಳಿದರು. ಆದರೆ ಯೆಹೋಶುವನು ತನ್ನ ಹಿಂದೆ ಯಾರನ್ನು ಹೀಗೆ ತಯಾರು ಮಾಡಿದ? ಬೈಬಲಿನಲ್ಲಿ ಒಂದು ಹೆಸರೂ ಇಲ್ಲ. ನ್ಯಾಯಸ್ಥಾಪಕರು 2ನೇ ಅಧ್ಯಾಯಕ್ಕೆ ಬಂದರೆ ಕರ್ತನನ್ನೂ ಆತನು ಮಾಡಿದ ಕಾರ್ಯಗಳನ್ನೂ ಅರಿಯದ ಬೇರೊಂದು ಸಂತತಿ ಎದ್ದಿತು ಅಂತ ಬರುತ್ತದೆ. ಕಾನಾನನ್ನು ಗೆದ್ದವನ ಹಿಂದೆಯೇ ಹೀಗಾಯಿತು. ಸಂಡೇ ಸ್ಕೂಲಿನಲ್ಲಿ ಈ ಅಧ್ಯಾಯ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನು ಮಕ್ಕಳಿಗೇ ಸಭೆ ಬರೆದುಕೊಡುವ ವಿಚಾರ. ಕೆಲವು ಸ್ವತಂತ್ರ ಸಭೆಗಳಲ್ಲಿ ಅಪ್ಪನ ನಂತರ ಮಗ ಅನ್ನುವುದು ಕೇಳುವ ಪ್ರಶ್ನೆಯೇ ಅಲ್ಲ ಅನ್ನುವಂತಾಗಿದೆ. ನಮ್ಮಂಥ ಹಳೆಯ ಪಂಗಡಗಳಲ್ಲಿ ಹಿರಿಯರ ಕುರ್ಚಿಗೂ ಅದೇ ಗತಿ. ಪಾಸ್ಟರ್ ಮಕ್ಕಳು ಸೇವೆಗೆ ಬರಬಾರದು ಅಂತ ನಾನು ಹೇಳುವುದಿಲ್ಲ. ಕರೆ ಇದ್ದು, ಕಲಿತು ಬಂದವರನ್ನು ಕಂಡಿದ್ದೇನೆ. ಆದರೆ ಯಾಜಕನಾದ ಏಲಿಯ ಮಕ್ಕಳು ಕೆಟ್ಟದ್ದನ್ನು ಕಣ್ಣಾರೆ ಕಂಡು ಬೆಳೆದ ಸಮುವೇಲನೇ ಮುಪ್ಪಿನಲ್ಲಿ ತನ್ನ ಮಕ್ಕಳನ್ನು ನ್ಯಾಯಾಧಿಪತಿಗಳನ್ನಾಗಿ ಮಾಡಿದ. ಅವರು ಲಂಚ ತಿಂದರು. ಅಷ್ಟು ದೊಡ್ಡ ಪ್ರವಾದಿಗೇ ಮನೆಯವರ ಮೋಹದಲ್ಲಿ ಕಣ್ಣು ಕಾಣಲಿಲ್ಲ ಅಂದರೆ ನಾವು ಎಷ್ಟರವರು?

ಹುಡುಗರು ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ ಅಂತ ನೀವು ಹೇಳುತ್ತೀರಿ. ನಿಜ, ಓಡಿಹೋಗುವವರೂ ಇದ್ದಾರೆ. ಪೌಲ, ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟ ಮಾರ್ಕನೂ ಪಾಂಫುಲ್ಯದಿಂದ ಅರ್ಧಕ್ಕೇ ಬಿಟ್ಟು ವಾಪಸ್ ಹೋದವನೇ. ಮುಂದಿನ ಪ್ರಯಾಣಕ್ಕೆ ಅವನು ಬೇಡ ಅಂದ ಪೌಲ. ಬಾರ್ನಬ ಬಿಡಲಿಲ್ಲ. ಅಪೊಸ್ತಲರ ಕೃತ್ಯಗಳು 15ರಲ್ಲಿ ಇದೇ ಮಾತಿಗೆ ಇಬ್ಬರಿಗೂ ಜಗಳ ಆಗಿ ದಾರಿ ಬೇರೆಯಾಯಿತು. ಬಾರ್ನಬ ಆ ಹುಡುಗನನ್ನು ಕರಕೊಂಡು ಹಡಗು ಹತ್ತಿದ. ವರ್ಷಗಳು ಕಳೆದ ಮೇಲೆ ಸೆರೆಯಲ್ಲಿದ್ದ ಅದೇ ಪೌಲ, ಮಾರ್ಕನನ್ನು ಕರಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತ ಅಂತ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ. ನಮ್ಮ ಎಷ್ಟು ಹುಡುಗರನ್ನು ಒಂದು ತಪ್ಪಿಗೆ, ಒಂದು ಪ್ರೀತಿ ಪ್ರೇಮದ ಗುಸುಗುಸಿಗೆ, ಒಂದು ಕಮಿಟಿ ಜಗಳಕ್ಕೆ ನಾವು ಕೈಬಿಟ್ಟಿದ್ದೇವೆ! ಅವರಲ್ಲಿ ಹಲವರು ಈಗ ಬೆಂಗಳೂರು, ಪುಣೆಗಳಲ್ಲಿದ್ದಾರೆ. ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಾರೆ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ತಾಯಿ ಯೂನೀಕೆಯಲ್ಲಿ ಇತ್ತು ಅಂತ ಪೌಲ ಹೆಸರು ಹಿಡಿದು ಬರೆದ. ಅಪೊಲ್ಲೋಸನಂಥ ದೊಡ್ಡ ಮಾತುಗಾರನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಸರಿಯಾಗಿ ಬಿಡಿಸಿ ಹೇಳಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು. ವೆಸ್ಲಿಯ ವಿಷಯದಲ್ಲೂ ಹಾಗೇ. ಥಾಮಸ್ ಮ್ಯಾಕ್ಸ್‌ಫೀಲ್ಡ್ ಅನ್ನುವ ಯುವಕ ದೀಕ್ಷೆ ಇಲ್ಲದೆ ಪ್ರಸಂಗ ಮಾಡಲು ಶುರು ಮಾಡಿದಾಗ ಅದನ್ನು ನಿಲ್ಲಿಸಬೇಕು ಅಂತ ವೆಸ್ಲಿ ಲಂಡನ್ನಿಗೆ ಓಡಿಬಂದರು. ತಡೆದವರು ಅವರ ತಾಯಿ ಸುಸಾನಾ. ನಿನ್ನ ಹಾಗೇ ಅವನಿಗೂ ದೇವರ ಕರೆ ಇದೆ, ಮೊದಲು ಅವನ ಮಾತು ಕೇಳು ಅಂದರು. ವೆಸ್ಲಿ ಕೇಳಿದರು, ಒಪ್ಪಿದರು. ನಮ್ಮ ಸಭೆಗಳಲ್ಲಿ ಉಪವಾಸ ಪ್ರಾರ್ಥನೆ ಹೆಂಗಸರದು, ಸಂಡೇ ಸ್ಕೂಲ್ ಹೆಂಗಸರದು, ಜಡ್ಡಾದವರ ಮನೆಗೆ ಹೋಗುವುದು ಹೆಂಗಸರದು. ಯಾರನ್ನು ಮುಂದೆ ತರಬೇಕು ಅಂತ ತೀರ್ಮಾನ ಮಾಡುವ ಕಡೆ ಮಾತ್ರ ನಾವಿಲ್ಲ. ಜನರನ್ನು ಹತ್ತಿರದಿಂದ ಬಲ್ಲವರನ್ನು ಬಿಟ್ಟು ನೀವು ಯಾರನ್ನು ಕೇಳುತ್ತೀರಿ?

ಇದೆಲ್ಲ ನಮ್ಮ ಕಡೆ ಆಗದ ಕೆಲಸ ಅನ್ನಬೇಡಿ. ಬೀದರ್ ಇದ್ದ ಹೈದರಾಬಾದ್ ಸಂಸ್ಥಾನದಲ್ಲೇ ದೋರ್ನಕಲ್ ಇತ್ತು. ಅಲ್ಲಿ 1912ರಲ್ಲಿ ಬಿಷಪ್ ಆದವರು ವಿ. ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅದಕ್ಕೂ ಎರಡು ವರ್ಷ ಮೊದಲು ಎಡಿನ್‌ಬರೋದ ದೊಡ್ಡ ಮಿಷನರಿ ಸಮ್ಮೇಳನದಲ್ಲಿ ಅವರು ಬಿಳಿ ಮಿಷನರಿಗಳ ಮುಖಕ್ಕೇ ಹೇಳಿದ್ದರು: ನೀವು ನಮಗೆ ಎಷ್ಟೋ ಕೊಟ್ಟಿದ್ದೀರಿ, ಈಗ ನಮಗೆ ಸ್ನೇಹಿತರನ್ನು ಕೊಡಿ ಅಂತ. ಬಿಷಪ್ ಆದ ಮೇಲೆ ಅವರು ಹಳ್ಳಿಯ ಬಡವರ ನಡುವಿನಿಂದಲೇ ಉಪಾಧ್ಯಾಯರನ್ನು, ಬೋಧಕರನ್ನು ಬೆಳೆಸಿದರು. ಹೊಸದಾಗಿ ದೀಕ್ಷಾಸ್ನಾನ ಪಡೆದವರ ಕೈಯನ್ನು ಅವರವರ ತಲೆಯ ಮೇಲೇ ಇಡಿಸಿ, ಸುವಾರ್ತೆ ಸಾರದಿದ್ದರೆ ನನ್ನ ಗತಿಯೇನು ಅಂತ ಹೇಳಿಸುತ್ತಿದ್ದರು. ಅಕ್ಷರ ಬಾರದ ಕೂಲಿಯವರಿಂದಲೂ! ನಮ್ಮ ಮೆಥೊಡಿಸ್ಟ್ ಮಿಷನ್ 1856ರಲ್ಲಿ ಭಾರತಕ್ಕೆ ಬಂತು. ಒಬ್ಬ ಭಾರತೀಯನನ್ನು ಬಿಷಪ್ ಮಾಡಲು ಅದಕ್ಕೆ ಸುಮಾರು ಮುಕ್ಕಾಲು ಶತಮಾನ ಹಿಡಿಯಿತು. ನಮ್ಮವರು ಇನ್ನೂ ತಯಾರಾಗಿಲ್ಲ ಅನ್ನುವ ಮಾತನ್ನು ನಮ್ಮ ಹಿರಿಯರು ಎಷ್ಟು ಸಲ ಕೇಳಿ ನೊಂದಿರಬೇಕು. ಅದೇ ಮಾತನ್ನು ಈಗ ನಾವು ನಮ್ಮ ಮಕ್ಕಳಿಗೆ ಹೇಳುತ್ತಿದ್ದೇವೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪಾಸ್ಟರ್ ವರ್ಗ ಆದಾಗ ಹಳಬರೂ ಹೊಸಬರೂ ಒಂದು ವಾರ ಒಟ್ಟಿಗೆ ಊರಲ್ಲಿರಲಿ. ಇಬ್ಬರೂ ಮನೆಮನೆಗೆ ಹೋಗಲಿ. ಕೀಲಿ ಕೈ ಆಮೇಲೆ ಕೊಟ್ಟರಾಯಿತು. ಇದಕ್ಕೆ ಖರ್ಚಿಲ್ಲ, ಬಿಷಪ್ ಅವರ ಒಂದು ಆದೇಶ ಸಾಕು. ಪ್ರತಿ ಸಭೆಯಲ್ಲೂ ಹತ್ತು ಹನ್ನೆರಡು ಮನೆಗೆ ಒಬ್ಬರಂತೆ ಊರಲ್ಲೇ ಇರುವವರನ್ನು ನೇಮಿಸಿ, ಅವರ ಜೊತೆ ಒಬ್ಬ ಕಿರಿಯರನ್ನು ಹಾಕಿ. ಹೆಂಗಸರೂ ಇರಲಿ. ಇಬ್ಬಿಬ್ಬರಾಗಿಯೇ ಹೋಗಲಿ, ಯೇಸುಸ್ವಾಮಿ ಕಳಿಸಿದ್ದೂ ಹಾಗೇ. ಹೆಣ್ಣುಮಕ್ಕಳು ಹೆಂಗಸರ ಜೊತೆಯಲ್ಲೇ ಹೋಗಲಿ, ಯಾವ ಹುಡುಗಿಯನ್ನೂ ಯಾವ ದೊಡ್ಡ ಮನುಷ್ಯರ ಜೊತೆಗೂ ಒಂಟಿಯಾಗಿ ಕಳಿಸಬೇಡಿ. ಇದನ್ನು ಬಾಯಿಮಾತಿಗೆ ಬಿಡದೆ ನಿಯಮ ಅಂತಲೇ ಬರೆಯಿರಿ. ಬೈಬಲ್ ವುಮನ್ ಸೇವೆಯನ್ನು ಮತ್ತೆ ಶುರು ಮಾಡಿ, ಅವರಿಗೆ ಕೈಯೆತ್ತಿ ಏನಾದರೂ ಗೌರವಧನ ಕೊಡಿ. ಬಹಳ ವರ್ಷ ಕಮಿಟಿಯಲ್ಲಿದ್ದ ಹಿರಿಯರು ಕುರ್ಚಿ ಬಿಟ್ಟು ಪಕ್ಕದಲ್ಲಿ ಕೂತು ಕಲಿಸಲಿ. ಸಭೆ ಅವರನ್ನು ಮೊದಲಿಗಿಂತ ಜಾಸ್ತಿ ಕೇಳುತ್ತದೆ, ಇದು ನನ್ನ ಮಾತು.

ನಮ್ಮೂರಲ್ಲಿ ನಾನು ಯಾರ ಅಪ್ಪಣೆಗೂ ಕಾಯದೆ ಶುರು ಮಾಡಿದ್ದೇನೆ. ಡಿಗ್ರಿ ಓದುವ ಒಬ್ಬ ಹುಡುಗಿ, ಐಟಿಐ ಮುಗಿಸಿದ ಒಬ್ಬ ಹುಡುಗ, ಇಬ್ಬರೂ ಶನಿವಾರ ಸಂಜೆ ನನ್ನ ಜೊತೆ ಬರುತ್ತಾರೆ. ಪಾರ್ಶ್ವವಾಯು ಆಗಿ ಮಲಗಿದ ಒಬ್ಬ ಅಜ್ಜನ ಮನೆಯಲ್ಲಿ ಆ ಹುಡುಗ ಮೊದಲ ಸಲ ಬಾಯಿಬಿಟ್ಟು ಪ್ರಾರ್ಥನೆ ಮಾಡಿದ. ನಡುವೆ ಮಾತು ನಿಂತಿತು. ಅಜ್ಜ ಮಲಗಿದಲ್ಲಿಂದಲೇ ಆಮೆನ್ ಅಂದು ಮುಗಿಸಿಕೊಟ್ಟರು. ಮುಂದಿನ ಶನಿವಾರ ಅವನೇ ಮೊದಲು ಬಂದು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಇಂಥವರು ನಿಮ್ಮ ಊರುಗಳಲ್ಲೂ ಇದ್ದಾರೆ. ಕರೆಯುವವರು ಬೇಕು.

ಮುಂದಿನ ಕಾನ್ಫರೆನ್ಸಿನಲ್ಲಿ ನೇಮಕದ ಪಟ್ಟಿ ಓದುವ ಮೊದಲು ಈ ಪತ್ರವನ್ನು ಪಾಸ್ಟರುಗಳ ಸಭೆಯಲ್ಲಿ ಓದಿಸಿ, ಆ ಒಂದು ವಾರದ ವಿಚಾರವನ್ನಾದರೂ ತೀರ್ಮಾನ ಮಾಡಿ. ಒಪ್ಪಿಗೆ ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಸಭೆಯ ಮುಂದೆ ಹೇಳಿ, ನಾವು ಕೇಳುತ್ತೇವೆ. ಬೈಬಲ್ ವುಮನ್ ಕೆಲಸಕ್ಕೆ ಯಾರಾದರೂ ಹೆಣ್ಣುಮಕ್ಕಳು ಸಿಕ್ಕರೆ ನಮ್ಮೂರಿಗೆ ಕಳಿಸಿ. ಮನೆಗಳನ್ನು ನಾನು ತೋರಿಸುತ್ತೇನೆ, ಊಟ ನಮ್ಮಲ್ಲೇ.

ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಸಂಡೇ ಸ್ಕೂಲ್ ಶಿಕ್ಷಕಿ, ಹುಮನಾಬಾದ್ ತಾಲೂಕು, ಬೀದರ್ ಜಿಲ್ಲೆ